ಹಳೆಯ ಸಸ್ಪೆನ್ಸ್ ಕಥೆಗಳನ್ನು ಕನ್ನಡದಲ್ಲಿ ರೇಡಿಯೋ ನಾಟಕ ಮಾಡಿದರೆ ಈಗ ಯಾರಾದರೂ ಕೇಳುತ್ತಾರಾ? ಯಾವ ಮೈಕ್, ಯಾವ ಎಫೆಕ್ಟ್ ಬೇಕು?

ಮೈಕ್ ವಿಷಯ ಆಮೇಲೆ. ‘ಈಗಿನವರಿಗೆ ಬೋರ್ ಆಗದ ಹಾಗೆ ಎಫೆಕ್ಟ್ ತುಂಬಬೇಕು’ ಅಂತ ಒಂದು ಸಾಲು ಬರೆದಿದ್ದೀರಲ್ಲ, ಅದನ್ನು ಓದಿದ ಕೂಡಲೇ ನನಗೆ ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಫ್ಲಾಟಿನ ಬಾತ್‌ರೂಮ್ ಚಿಲಕ ನೆನಪಾಯಿತು. ಲಾಕ್‌ಡೌನ್‌ಗೆ ಒಂದು ವರ್ಷ ಮುಂಚೆ ಒಂದು ರೇಡಿಯೋ ನಾಟಕ ಮಾಡುವಾಗ ನಾನೂ ಇದೇ ಮಾತು ಹೇಳಿದ್ದೆ. ಸ್ನೇಹಿತರೆಲ್ಲ ತಲೆ ಆಡಿಸಿದ್ದರು.

ರೇಡಿಯೋ ಹುಚ್ಚು ಅಪ್ಪನಿಂದ ಬಂದದ್ದು. ಅವರು ಕುಂದಾಪುರದ ಕಡೆಯಿಂದ ಹನ್ನೆರಡನೇ ವಯಸ್ಸಿಗೆ ಮುಂಬೈಗೆ ಬಂದವರು. ಹಗಲು ಫೋರ್ಟ್‌ನ ಒಂದು ಉಡುಪಿ ಹೋಟೆಲಿನಲ್ಲಿ ಟೇಬಲ್ ಒರೆಸುವುದು, ಸಂಜೆಯ ಮೇಲೆ ಕನ್ನಡ ರಾತ್ರಿ ಶಾಲೆ. ಮಲಗುವುದು ಅದೇ ಹೋಟೆಲಿನ ಟೇಬಲ್ ಜೋಡಿಸಿಕೊಂಡು. ಗಲ್ಲಾದ ಪಕ್ಕ ಒಂದು ರೇಡಿಯೋ ಇತ್ತಂತೆ. ಶಾಲೆ ಇಲ್ಲದ ದಿನ ಹುಡುಗರೆಲ್ಲ ವಿವಿಧ ಭಾರತಿಯ ‘ಹವಾ ಮಹಲ್’ ಕೇಳುತ್ತಿದ್ದರು, ಹದಿನೈದು ನಿಮಿಷದ ನಾಟಕ. ಹಿಂದಿ ಅರ್ಧಂಬರ್ಧ. ಒಂದು ಭೂತದ ನಾಟಕ ಕೇಳಿದ ರಾತ್ರಿ ಅಡುಗೆಮನೆ ಹಿಂದಿನ ಬಚ್ಚಲಿಗೆ ಒಬ್ಬನೂ ಹೋಗಲಿಲ್ಲವಂತೆ, ಬೆಳಗಿನವರೆಗೂ ತಡೆದುಕೊಂಡರಂತೆ. ‘ಎಂತಾ ಭೂತ ಅದು?’ ಅಂತ ನಾನು ಕೇಳಿದರೆ ಅಪ್ಪ ನಗುತ್ತಿದ್ದರು. ‘ಯಾರಿಗೆ ಗೊತ್ತು ಮಾರಾಯ, ಅರ್ಥ ಆಗಿದ್ದರೆ ಅಷ್ಟು ಹೆದರುತ್ತಿರಲಿಲ್ಲ.’

ಯಾರು ಕೇಳುತ್ತಾರೆ ಅನ್ನುವ ನಿಮ್ಮ ಪ್ರಶ್ನೆಗೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ. ನನ್ನ ಆಫೀಸಿನಲ್ಲಿ ಒಬ್ಬ ಬಂಗಾಳಿ ಇದ್ದ. ಲೋಕಲ್ ರೈಲಿನಲ್ಲಿ ಒಂಟಿ ಕಾಲಲ್ಲಿ ನಿಂತುಕೊಂಡು, ಕಣ್ಣು ಮುಚ್ಚಿ, ಇಯರ್‌ಫೋನ್‌ನಲ್ಲಿ ‘ಸಂಡೇ ಸಸ್ಪೆನ್ಸ್’ ಕೇಳುತ್ತಿದ್ದ. ಅದು ಕೋಲ್ಕತ್ತಾದ ಒಂದು ಎಫ್‌ಎಂನಲ್ಲಿ 2009ರಲ್ಲಿ ಶುರುವಾದ ಕಾರ್ಯಕ್ರಮ. ಸತ್ಯಜಿತ್ ರೇ ಕಥೆಗಳು, ಹಳೆಯ ಪತ್ತೇದಾರಿ ಕಥೆಗಳು, ಭೂತದ ಕಥೆಗಳು, ಎಲ್ಲ ಬರೀ ದನಿಯಲ್ಲಿ. ಆ ಗರ್ದಿಯಲ್ಲಿ ಇಳಿಯಬೇಕಾದ ಠಾಣೆ ಸ್ಟೇಷನ್ ಬಂದದ್ದೇ ಗೊತ್ತಾಗದೆ ಎರಡು ಸಲ ಕಲ್ಯಾಣದವರೆಗೆ ಹೋಗಿದ್ದಾನೆ. ಕೇಳುವವರು ಇದ್ದಾರೆ. ಮುಂದಿನದು ನೋಡೋಣ.

ನಾವು ಐದು ಜನ ಸೇರಿ ಆರಿಸಿಕೊಂಡದ್ದು ಇಂಗ್ಲಿಷ್ ಲೇಖಕ ಡಬ್ಲ್ಯೂ. ಡಬ್ಲ್ಯೂ. ಜೇಕಬ್ಸ್ ಬರೆದ ‘ದ ಮಂಕೀಸ್ ಪಾ’. 1902ರ ಕಥೆ. ಮೂರು ವರ ಕೊಡುವ ಒಣಗಿದ ಕೋತಿ ಪಂಜ. ಅದನ್ನು ಭಾರತದಿಂದ ಒಬ್ಬ ಸೈನಿಕ ಇಂಗ್ಲೆಂಡಿಗೆ ತರುತ್ತಾನೆ, ಮಂತ್ರ ಹಾಕಿದವನು ನಮ್ಮ ಕಡೆಯ ಫಕೀರ. ಮುದುಕ ಇನ್ನೂರು ಪೌಂಡ್ ಬೇಡುತ್ತಾನೆ. ಮಾರನೇ ದಿನ ಮಗ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಸಾಯುತ್ತಾನೆ, ಪರಿಹಾರ ಸರಿಯಾಗಿ ಇನ್ನೂರು ಪೌಂಡ್. ನಾವು ಅದನ್ನು ಮುಂಬೈ ಪರೇಲಿನ ಒಂದು ಚಾಳ್‌ಗೆ, ಅಂದರೆ ಸಾಲು ಕೋಣೆಗಳ ವಠಾರಕ್ಕೆ ತಂದೆವು. ಮಗ ಬಟ್ಟೆ ಮಿಲ್ಲಿನಲ್ಲಿ ಕೆಲಸ, ಕಾಲ 1950ರ ಆಚೀಚೆ, ಪರಿಹಾರ ಎರಡು ಸಾವಿರ ರೂಪಾಯಿ. ಕಥೆ ಅಲ್ಲಿ ಹುಟ್ಟಿದ್ದೇನೋ ಅನ್ನುವಷ್ಟು ಸರಿಯಾಗಿ ಕೂತಿತು.

ಇನ್ನು ಇದರ ಕೊನೆ. ತಾಯಿ ಎರಡನೇ ವರ ಕೇಳಿಸುತ್ತಾಳೆ, ಮಗ ಬದುಕಿ ಬರಲಿ ಅಂತ. ರಾತ್ರಿ ಬಾಗಿಲು ಬಡಿಯುವ ಸದ್ದು. ಮೊದಲು ಕಳ್ಳನ ಹಾಗೆ ಮೆಲ್ಲಗೆ, ಆಮೇಲೆ ಜೋರಾಗಿ. ಸಮಾಧಿಯಿಂದ ಎದ್ದು ಬಂದದ್ದು ಯಾವ ರೂಪದಲ್ಲಿ ಇರುತ್ತದೆ ಅಂತ ತಂದೆಗೆ ಗೊತ್ತು. ಅವನು ಕತ್ತಲಲ್ಲಿ ಪಂಜ ಹುಡುಕುತ್ತಾನೆ. ತಾಯಿ ಸರಪಳಿ ತೆಗೆಯುತ್ತಾಳೆ, ಕೆಳಗಿನ ಚಿಲಕ ಎಳೆಯುತ್ತಾಳೆ, ಮೇಲಿನದು ಎಟುಕುವುದಿಲ್ಲ, ಕುರ್ಚಿ ಎಳೆದುಕೊಂಡು ಬರುತ್ತಾಳೆ. ತಂದೆ ಮೂರನೇ ವರ ಕೇಳುತ್ತಾನೆ. ಬಡಿತ ನಿಲ್ಲುತ್ತದೆ. ಬಾಗಿಲು ತೆರೆದರೆ ಖಾಲಿ ರಸ್ತೆ, ಒಂದು ಬೀದಿದೀಪ.

ನೋಡಿ, ಸರಪಳಿ, ಚಿಲಕ, ಕುರ್ಚಿ ಎಳೆದ ಸದ್ದು, ಬಡಿತ. ಲೇಖಕನೇ ಎಲ್ಲವನ್ನೂ ಕಿವಿಗೆ ಬರೆದಿಟ್ಟಿದ್ದಾನೆ. ಬಾಗಿಲ ಆಚೆ ಏನಿತ್ತು ಅಂತ ಮಾತ್ರ ಒಂದು ಅಕ್ಷರ ಬರೆದಿಲ್ಲ. ಅದೇ ಕಥೆ. ನನಗೆ ಅದು ಆಗ ಹೊಳೆಯಲಿಲ್ಲ.

ತಾಯಿಯ ಪಾತ್ರ ಮಾಡಿದವರು ಒಬ್ಬ ನಿವೃತ್ತ ಟೀಚರ್. ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿದವರು, ಧಾರವಾಡದವರು. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಯ ನಾಟಕ ಕೇಳುತ್ತಾ ಬೆಳೆದೆ ಅನ್ನುತ್ತಿದ್ದರು. ನಾವು ರೆಕಾರ್ಡ್ ಮಾಡಿದ್ದು ನಮ್ಮ ಮನೆಯಲ್ಲಿ. ಹಳಿ ಹತ್ತಿರ, ಅದಕ್ಕೇ ರಾತ್ರಿ ಒಂದೂವರೆಯ ಮೇಲೆ. ಆಗ ಲೋಕಲ್ ನಿಂತಿರುತ್ತವೆ. ಆದರೆ ದೂರದೂರಿನ ಮೇಲ್ ಗಾಡಿಗಳು ನಿಲ್ಲಬೇಕಲ್ಲ! ಅದಕ್ಕೆ ಒಂದು ನಿಯಮ ಮಾಡಿಕೊಂಡಿದ್ದೆವು: ಗಾಡಿ ಸದ್ದು ಕೇಳಿದರೆ ಎಲ್ಲರೂ ಇದ್ದಲ್ಲೇ ನಿಲ್ಲಬೇಕು, ಹೋದ ಮೇಲೆ ಮುಂದುವರಿಸಬೇಕು.

ಬಾತ್‌ರೂಮಿನ ಚಿಲಕ ತುಕ್ಕು ಹಿಡಿದದ್ದು. ಅದೇ ನಮ್ಮ ಮೇಲಿನ ಚಿಲಕ. ಟೀಚರ್ ನಿಜವಾಗಿಯೂ ಸ್ಟೂಲ್ ಎಳೆದುಕೊಂಡು ಹೋಗಿ, ಹತ್ತಿ, ಅದನ್ನು ಎಳೆದರು. ಕಿರ್ ಅಂತ ಬಂತು. ಬಾಗಿಲು ತೆರೆದರು. ಅಷ್ಟರಲ್ಲಿ ದೂರದಲ್ಲಿ ಒಂದು ಗಾಡಿ. ಟೀಚರ್ ನಿಯಮ ಪಾಲಿಸಿ ಸ್ಟೂಲಿನ ಮೇಲೆ ಹಾಗೇ ನಿಂತರು. ಗಾಡಿ ಹೋಯಿತು. ಸ್ಕ್ರಿಪ್ಟಿನಲ್ಲಿ ‘ಅಯ್ಯೋ ನನ್ನ ಕಂದಾ’ ಅಂತ ಚೀರಬೇಕಿತ್ತು. ಅವರು ಚೀರಲಿಲ್ಲ. ಸಣ್ಣ ದನಿಯಲ್ಲಿ ‘ಯಾರೂ ಇಲ್ಲರೀ’ ಅಂದರು. ನನ್ನ ತೋಳಿನ ರೋಮ ಎದ್ದು ನಿಂತಿತು. ಚಿಲಕದಿಂದ ಆ ಮಾತಿನ ತನಕ ಹನ್ನೊಂದು ಸೆಕೆಂಡ್. ಒಳಗೆ ಅವರ ಉಸಿರು, ಹಿಂದೆ ಎಲ್ಲೋ ಗಾಡಿಯ ಗುಡುಗು, ಅಷ್ಟೇ.

ಈಗ ನನ್ನ ತಪ್ಪು. ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನೀವು ಅದನ್ನೇ ಮಾಡಲು ಹೊರಟಿದ್ದೀರಿ.

ಎಡಿಟಿಂಗ್‌ಗೆ ಕೂತಾಗ ಮೊದಲು ಲೋ ಕಟ್ ಹಾಕಿದೆ. ಅಂದರೆ 100 ಹರ್ಟ್ಜ್‌ಗಿಂತ ಕೆಳಗಿನ ಗುಡುಗನ್ನೆಲ್ಲ ಕತ್ತರಿಸುವುದು. ಗಾಡಿ ಹೋಯಿತು. ಆಮೇಲೆ ನಾಯ್ಸ್ ರಿಡಕ್ಷನ್, ಅಂದರೆ ಹಿನ್ನೆಲೆಯ ಸದ್ದು ಅಳಿಸುವುದು, ಅದರಲ್ಲಿ ಉಸಿರೂ ಮುಕ್ಕಾಲು ಹೋಯಿತು. ಉಳಿದದ್ದು ಶುದ್ಧ ಖಾಲಿ. ಸಾಫ್ಟ್‌ವೇರಿನಲ್ಲಿ ಮೌನ ಕತ್ತರಿಸುವ ಒಂದು ಬಟನ್ ಇರುತ್ತದೆ. ಇಷ್ಟು ಡೆಸಿಬಲ್‌ಗಿಂತ ಕಡಿಮೆ ಇದ್ದ ಜಾಗವನ್ನೆಲ್ಲ ಅರ್ಧ ಸೆಕೆಂಡಿಗೆ ಇಳಿಸು ಅಂದರೆ ಇಳಿಸುತ್ತದೆ. ಭಾಷಣ ಎಡಿಟ್ ಮಾಡುವವರಿಗೆ ವರ ಅದು. ನಾನು ಇಡೀ ನಾಟಕಕ್ಕೆ ಒತ್ತಿದೆ. ಹನ್ನೊಂದು ಸೆಕೆಂಡ್ ಇದ್ದದ್ದು ಅರ್ಧ ಸೆಕೆಂಡ್ ಆಯಿತು. ‘ಟೈಟ್ ಆಯ್ತು’ ಅಂತ ನನಗೆ ನಾನೇ ಶಭಾಷ್ ಹೇಳಿಕೊಂಡೆ.

ಅಷ್ಟಕ್ಕೆ ಸುಮ್ನಿರಬೇಕಿತ್ತು. ಬಾಗಿಲ ಆಚೆ ‘ಏನಾದರೂ ಇರಲಿ’ ಅನ್ನಿಸಿತು. ಅಂಧೇರಿಯಲ್ಲಿ ಡಬ್ಬಿಂಗ್ ಮಾಡುವ ಒಬ್ಬ ಪರಿಚಯದವನಿಗೆ ಎಂಟು ಸಾವಿರ ಕೊಟ್ಟು, ಸ್ಟುಡಿಯೋ ಬಾಡಿಗೆ ಬೇರೆ ಕೊಟ್ಟು, ಪಾತಾಳದಿಂದ ಬಂದ ಹಾಗೆ ‘ಅಮ್ಮಾ...’ ಅಂತ ಹೇಳಿಸಿದೆ. ಎಕೋ ಹಾಕಿದೆ. ಹಿಂದೆ ಪಿಟೀಲು ಎಳೆದೆ. ಚಿಲಕಕ್ಕೂ ಟೀಚರ್ ಮಾತಿಗೂ ನಡುವೆ ಅದನ್ನು ಅಂಟಿಸಿದೆ. ಎಲ್ಲ ಸೇರಿ ಮೂವತ್ತೈದು ಸಾವಿರ ನನ್ನ ಕೈಯಿಂದ.

ಮಾಟುಂಗದ ಒಂದು ಹಾಲ್‌ನಲ್ಲಿ ದೀಪ ಆರಿಸಿ ಕೇಳಿಸಿದೆವು. ಅರವತ್ತು ಜನ ಇದ್ದರು. ಚಿಲಕದವರೆಗೆ ಒಬ್ಬರೂ ಕೆಮ್ಮಲಿಲ್ಲ. ಆಮೇಲೆ ‘ಅಮ್ಮಾ...’ ಬಂತು. ಅದರ ಬೆನ್ನಿಗೇ ಟೀಚರ್ ದನಿ: ‘ಯಾರೂ ಇಲ್ಲರೀ.’ ಕತ್ತಲಲ್ಲಿ ಒಂದು ಮಗು ಜೋರಾಗಿ ಹೇಳಿತು, ‘ಇದ್ದಾನಲ್ಲ, ಈಗ ಕೂಗಿದನಲ್ಲ!’ ಇಡೀ ಹಾಲ್ ನಕ್ಕಿತು. ನಾನೂ ನಕ್ಕೆ ಅಂದರೆ ನಂಬಿ, ಬೇರೆ ಏನು ಮಾಡುವುದು?

ಟೀಚರ್ ಬೈಯಲಿಲ್ಲ. ಮೆಟ್ಟಿಲು ಇಳಿಯುವಾಗ ‘ಬಾಗಲದ ಹೊರಗ ಇದ್ದಂವನ್ನ ಒಳಗ ಕರಕೊಂಡ ಬಂದಿಯಲ್ಲೋ ತಮ್ಮಾ’ ಅಂದರು. ‘ನಾ ನಿಂತಿದ್ದು ಎಲ್ಲಿ ಹೋತು? ಅದನ್ನ ಕೇಳಸು.’ ಮನೆಗೆ ಹೋಗಿ ಹಳೆಯದನ್ನು ಹಾಕಿ ಕಳಿಸುತ್ತೇನೆ ಅಂದೆ.

ಮನೆಯಲ್ಲಿ ಹಳೆಯದು ಇರಲಿಲ್ಲ. ಎಡಿಟ್ ಮಾಡಿದ ಫೈಲನ್ನು ಅದೇ ಹೆಸರಿನಲ್ಲಿ ಸೇವ್ ಮಾಡಿದ್ದೆ. ಕಂಪ್ಯೂಟರ್ ಕೇಳಿತ್ತು, ಹಳೆಯದರ ಮೇಲೆ ಬರೆಯಲಾ ಅಂತ. ಯೆಸ್ ಒತ್ತಿದ್ದು ನಾನೇ. ರೆಕಾರ್ಡರಿನ ಕಾರ್ಡನ್ನು ಅಣ್ಣನ ಮಗನ ಹುಟ್ಟುಹಬ್ಬದ ವಿಡಿಯೋಗೆ ಫಾರ್ಮ್ಯಾಟ್ ಮಾಡಿದ್ದೆ. ಆ ವಿಡಿಯೋ ಈಗಲೂ ಇದೆ, ಯಾರೂ ನೋಡಿಲ್ಲ.

ಟೀಚರ್ ಇನ್ನೂ ಎರಡು ರಾತ್ರಿ ಬಂದರು. ಮೊದಲ ರಾತ್ರಿ ಗಾಡಿಯೇ ಬರಲಿಲ್ಲ. ಮುಂಬೈಯಲ್ಲಿ ರೈಲಿಗಾಗಿ ಮೈಕ್ ಹಿಡಿದು ನಲವತ್ತು ನಿಮಿಷ ಕಾದವರು ನಾವೇ ಇರಬೇಕು. ಎರಡನೇ ರಾತ್ರಿ ಬಂತು. ಚಿಲಕ, ಗಾಡಿ, ಉಸಿರು, ಎಲ್ಲ ಸರಿಯಾಗಿಯೇ ಇತ್ತು. ಕೇಳಿದರೆ ಏನೂ ಆಗಲಿಲ್ಲ. ಟೀಚರ್ ಹೆಡ್‌ಫೋನ್ ತೆಗೆದು ಹೇಳಿದರು, ‘ಈಗ ನಾ ಕಾಯಾಕತ್ತೀನಿ ಅಂತ ನನಗ ಗೊತ್ತದ. ಅವತ್ತ ಗೊತ್ತಿರಲಿಲ್ಲ.’ ಚಹಾ ಕುಡಿದು ಮೊದಲ ಲೋಕಲ್ ಹತ್ತಿದರು. ಆಮೇಲೆ ಎಷ್ಟು ಕರೆದರೂ ಬರಲಿಲ್ಲ. ಮುಂದಿನ ನಾಲ್ಕು ನಾಟಕ ಬರೆದಿಟ್ಟದ್ದೆಲ್ಲ ಅವರ ದನಿಗೇ.

ಹಾಗಾಗಿ ರೆಡಿಮೇಡ್ ಸದ್ದುಗಳ ಎಫೆಕ್ಟ್ ಲೈಬ್ರರಿ ಯಾವುದು ಕೊಳ್ಳಲಿ ಅಂತ ಕೇಳಿದರೆ, ಕೊಳ್ಳಬೇಡಿ. ನಿಮ್ಮ ಲೆಕ್ಕವೇ ತಲೆಕೆಳಗಾಗಿದೆ. ಹಳೆಯ ಸಸ್ಪೆನ್ಸ್ ರೇಡಿಯೋದಲ್ಲಿ ಹಿಡಿಸುವುದು ಸದ್ದು ಜಾಸ್ತಿ ಇರುವುದಕ್ಕಲ್ಲ. ಅಮೆರಿಕದ ರೇಡಿಯೋ ಕಂಪನಿ ಸಿಬಿಎಸ್‌ನಲ್ಲಿ 1942ರಿಂದ 1962ರವರೆಗೆ ‘ಸಸ್ಪೆನ್ಸ್’ ಅಂತಲೇ ಒಂದು ಕಾರ್ಯಕ್ರಮ ಇತ್ತು, ಒಂಬೈನೂರಕ್ಕೂ ಹೆಚ್ಚು ಕಂತು. ಅದರಲ್ಲಿ ಲೂಸಿಲ್ ಫ್ಲೆಚರ್ ಬರೆದ ‘ಸಾರಿ, ರಾಂಗ್ ನಂಬರ್’ ಕೇಳಿ. 1943ರ ಮೇ 25ರಂದು ಮೊದಲು ಪ್ರಸಾರವಾದದ್ದು. ಹಾಸಿಗೆ ಹಿಡಿದ ಒಬ್ಬ ಹೆಂಗಸು, ಒಂದು ಫೋನ್. ಲೈನ್ ಕ್ರಾಸ್ ಆಗಿ ಇಬ್ಬರು ಒಂದು ಕೊಲೆಯ ಬಗ್ಗೆ ಮಾತಾಡುವುದು ಅವಳ ಕಿವಿಗೆ ಬೀಳುತ್ತದೆ. ಸೇತುವೆ ಮೇಲೆ ರೈಲು ಹೋಗುವ ಹೊತ್ತಿಗೆ ಕೆಲಸ ಮುಗಿಸಬೇಕು, ಚೀರಿದರೂ ಕೇಳಬಾರದು ಅಂತ ಅವರ ಪ್ಲಾನ್. ಅಲ್ಲಿಂದ ಮುಂದೆ ಆಗ್ನೆಸ್ ಮೂರ್‌ಹೆಡ್ ಅನ್ನುವ ನಟಿಯ ದನಿ, ಡಯಲ್ ತಿರುಗುವ ಸದ್ದು, ಆಪರೇಟರುಗಳ ತಣ್ಣನೆಯ ಉತ್ತರ. ರೈಲು ಯಾವಾಗ ಬರುತ್ತದೆ ಅಂತ ನಮಗೆ ಗೊತ್ತು. ಹಳಿ ಪಕ್ಕ ಬೆಳೆದ ನನ್ನಂಥವನಿಗಂತೂ ಅದನ್ನು ಕೇಳಿದ ಮೇಲೆ ವಾರಗಟ್ಟಲೆ ರಾತ್ರಿಯ ಗಾಡಿ ಬೇರೆಯೇ ಆಗಿ ಕೇಳುತ್ತಿತ್ತು. 1948ರಲ್ಲಿ ಸಿನಿಮಾ ಆಯಿತು, ಬಾರ್ಬರಾ ಸ್ಟ್ಯಾನ್‌ವಿಕ್ ಚೆನ್ನಾಗಿಯೇ ಮಾಡಿದ್ದಾಳೆ. ಆದರೆ ಸಿನಿಮಾದವರು ಫ್ಲ್ಯಾಶ್‌ಬ್ಯಾಕ್ ಹಾಕಿ ಹೊರಗೆಲ್ಲ ಸುತ್ತಾಡಿಸುತ್ತಾರೆ. ರೇಡಿಯೋದಲ್ಲಿ ನಾವು ಆ ಕೋಣೆ ಬಿಟ್ಟು ಕದಲುವುದಿಲ್ಲ.

‘ಕಥೆಯನ್ನು ಇವತ್ತಿನ ಬೆಂಗಳೂರಿಗೆ ತಂದು ಮೊಬೈಲ್ ಹಾಕಲಾ’ ಅಂತಲೂ ಕೇಳಿದ್ದೀರಿ. ಊರು ಬದಲಾಯಿಸಿ, ಅಡ್ಡಿಯಿಲ್ಲ. ಕಾಲ ಬದಲಾಯಿಸುವ ಮುಂಚೆ ಕಥೆ ಯಾವ ಮೊಳೆಗೆ ನೇತಾಡುತ್ತಿದೆ ನೋಡಿ. ಲೈನ್ ಕ್ರಾಸ್ ಆಗದಿದ್ದರೆ ಆ ಹೆಂಗಸಿನ ಕಥೆಯೇ ಇಲ್ಲ. ಮೇಲಿನ ಚಿಲಕ ಕೈಗೆ ಎಟುಕಿದರೆ ಮೂರನೇ ವರಕ್ಕೆ ಸಮಯವೇ ಸಿಗುವುದಿಲ್ಲ.

ಕಾಪಿರೈಟ್ ಹಕ್ಕಿನ ವಿಷಯ ಬೇಗ ಹೇಳಿಬಿಡುತ್ತೇನೆ. ನಮ್ಮಲ್ಲಿ ಲೇಖಕ ತೀರಿಹೋದ ವರ್ಷದ ಮುಂದೆ ಅರವತ್ತು ವರ್ಷ ಅದು ಇರುತ್ತದೆ. ಜೇಕಬ್ಸ್ 1943ರಲ್ಲಿ ಹೋದ, ಷರ್ಲಾಕ್ ಹೋಮ್ಸ್ ಬರೆದ ಕಾನನ್ ಡಾಯ್ಲ್ 1930ರಲ್ಲಿ. ಇಬ್ಬರ ಕಥೆಗಳೂ ಈಗ ಮುಕ್ತ. ಪತ್ತೇದಾರಿ ಲೇಖಕಿ ಅಗಾಥಾ ಕ್ರಿಸ್ಟಿ ಹೋದದ್ದು 1976ರಲ್ಲಿ, ಅವರನ್ನು 2036 ಮುಗಿಯುವವರೆಗೆ ಅನುಮತಿಯಿಲ್ಲದೆ ಮುಟ್ಟಬೇಡಿ. ಬೇರೆಯವರ ಕನ್ನಡ ಅನುವಾದಕ್ಕೆ ಬೇರೆ ಹಕ್ಕು ಇರುತ್ತದೆ, ನೀವೇ ಮಾಡಿಕೊಳ್ಳಿ.

ಸದ್ದುಗಳಿಗಾಗಿ ಮನೆಯಲ್ಲೇ ಹುಡುಕಿ. ಕುದುರೆಗೆ ಎರಡು ಗರಟೆ. ಬೆಂಕಿಗೆ ಚಕ್ಕುಲಿ ಪ್ಯಾಕೆಟ್ಟಿನ ಪ್ಲಾಸ್ಟಿಕ್ ಮೈಕಿನ ಹತ್ತಿರ ಮೆಲ್ಲಗೆ ಹಿಸುಕಿ. ಹಿಮದ ಮೇಲೆ ನಡೆಯಬೇಕಾದರೆ ಬಟ್ಟೆಯಲ್ಲಿ ಕಾರ್ನ್‌ಫ್ಲೋರ್ ಕಟ್ಟಿ ಒತ್ತಿ, ಹಳೆಯ ರೇಡಿಯೋದವರು ಮಾಡುತ್ತಿದ್ದದ್ದು ಅದೇ.

ಮೈಕ್: ನಿಮ್ಮ ಫೋನ್ ಸಾಕು. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದರ ಮುಂದೆ ನಿಂತು ಮಾತಾಡಿ, ಗೋಡೆಯ ಗುಂಯ್ ಬರುವುದಿಲ್ಲ. ಮೊದಲ ಕಂತು ಮಾಡಿದರೆ ನನಗೂ ಕಳಿಸಿ, ಕೇಳುತ್ತೇನೆ. ಎಡಿಟ್ ಮಾಡಿದ್ದು ಬೇಡ, ಕಚ್ಚಾ ಫೈಲೇ ಕಳಿಸಿ. ಕಳಿಸುವ ಮುಂಚೆ ಒಂದು ಕಾಪಿ ಪೆನ್‌ಡ್ರೈವ್‌ಗೆ ಹಾಕಿ ಅಮ್ಮನ ಕೈಗೆ ಕೊಟ್ಟಿರಿ. ನಿಮ್ಮ ಹತ್ತಿರ ಇಟ್ಟುಕೊಳ್ಳಬೇಡಿ.