ರಜೆಗೆ ಹೊರಟ ಹಾಸ್ಟೆಲ್ ಗೆಳೆಯರಿಗೆ ಎಚ್‌ಐವಿ ಬಗ್ಗೆ ಏನು ಹೇಳಬೇಕು?

ಕಾಲೇಜಿನ ರೆಡ್ ರಿಬ್ಬನ್ ಕ್ಲಬ್ ಪರವಾಗಿ, ಸೆಮಿಸ್ಟರ್ ರಜೆ ಶುರುವಾಗುವ ಮೊದಲು ಹಾಸ್ಟೆಲ್‌ನಲ್ಲಿ ಹತ್ತು ನಿಮಿಷ ಮಾತಾಡಬೇಕು, ಆದರೆ ಏಡ್ಸ್ ಭಾಷಣ ಅಂದರೆ ಎಲ್ಲರೂ ಎದ್ದು ಹೋಗುತ್ತಾರೆ ಎಂದು ಬರೆದಿದ್ದೀರಿ. ನಾನು ಸರ್ಕಾರಿ ಆಸ್ಪತ್ರೆಯೊಂದರ ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಪರೀಕ್ಷೆ ಮಾಡುವ ಕಡೆ, ಆಪ್ತ ಸಮಾಲೋಚಕಿ. ರಜೆ ಮುಗಿಸಿ ನಮ್ಮ ಹತ್ತಿರ ಬರುವ ಮಕ್ಕಳನ್ನು ನೋಡಿ ಹೇಳುತ್ತಿದ್ದೇನೆ: ಆ ಹತ್ತು ನಿಮಿಷದಲ್ಲಿ ಅರ್ಧವನ್ನು 72 ಗಂಟೆಯ ವಿಷಯಕ್ಕೇ ಇಡಿ.

ಬಹಳ ಜನಕ್ಕೆ ಇದು ಗೊತ್ತೇ ಇರುವುದಿಲ್ಲ. ಕಾಂಡೋಮ್ ಇಲ್ಲದೆ ಲೈಂಗಿಕ ಸಂಪರ್ಕ ಆಯಿತು, ಅಥವಾ ಕಾಂಡೋಮ್ ಹರಿಯಿತು, ಅಥವಾ ಯಾರೋ ಬಲವಂತ ಮಾಡಿದರು ಅಂದುಕೊಳ್ಳಿ. ಆಗ ಪೆಪ್ ಎಂಬ ಮಾತ್ರೆಗಳಿವೆ. 72 ಗಂಟೆಯ ಒಳಗೆ ಶುರು ಮಾಡಿ, 28 ದಿನ ತಪ್ಪದೆ ನುಂಗಬೇಕು. ವೈರಸ್ ಮೈಯಲ್ಲಿ ಬೇರೂರುವ ಮೊದಲೇ ಅದನ್ನು ತಡೆಯುವುದು ಇದರ ಕೆಲಸ. ಹಾಗಾಗಿ ಮೂರನೇ ದಿನಕ್ಕಿಂತ ಮೊದಲನೇ ದಿನ ಒಳ್ಳೆಯದು, ಮೊದಲ ಕೆಲವು ಗಂಟೆಗಳಾದರೆ ಇನ್ನೂ ಒಳ್ಳೆಯದು.

ಆದರೆ ಆಗುವುದೇನು? ಆ ಮೂರು ದಿನ ಮೊಬೈಲ್‌ನಲ್ಲಿ ರೋಗಲಕ್ಷಣ ಹುಡುಕುತ್ತಾ, ಯಾರಿಗೂ ಹೇಳದೆ ಅಳುತ್ತಾ ಕಳೆದುಹೋಗುತ್ತವೆ. ಮನೆಯಲ್ಲಿ ನೆಂಟರಿರುತ್ತಾರೆ, ಹೊರಗೆ ಹೋಗಲು ನೆಪ ಸಿಗುವುದಿಲ್ಲ. ಇವತ್ತು ಭಾನುವಾರ, ನಾಳೆ ಹಬ್ಬ ಅಂತ ಕಾಯುತ್ತಾರೆ. ದಯವಿಟ್ಟು ಕಾಯಬೇಡಿ ಅಂತ ಹೇಳಿ. ಜಿಲ್ಲಾ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗ ಹಬ್ಬದ ದಿನವೂ ತೆರೆದಿರುತ್ತದೆ. 'ಪೆಪ್ ಬಗ್ಗೆ ಕೇಳಬೇಕಿತ್ತು' ಅಂದರೆ ಸಾಕು, ಮಾತ್ರೆ ಬೇಕೋ ಬೇಡವೋ ವೈದ್ಯರು ನೋಡುತ್ತಾರೆ. ಅಲ್ಲಿ ಸಿಗದಿದ್ದರೆ ಎಆರ್‌ಟಿ ಕೇಂದ್ರ, ಅಂದರೆ ಎಚ್‌ಐವಿಗೆ ಚಿಕಿತ್ಸೆ ಕೊಡುವ ಕಡೆ, ಎಲ್ಲಿದೆ ಎಂದು ಕೇಳಿ, ಇಲ್ಲವೇ 1097ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಉಚಿತ ಸಹಾಯವಾಣಿ. ಬಲಾತ್ಕಾರ ಆಗಿದ್ದರೆ ಸರ್ಕಾರಿಯಾಗಲಿ ಖಾಸಗಿಯಾಗಲಿ, ಯಾವ ಆಸ್ಪತ್ರೆಯೂ ತಕ್ಷಣ ಉಚಿತ ಚಿಕಿತ್ಸೆ ಕೊಡಲೇಬೇಕು. ಮೊದಲು ದೂರು ಕೊಟ್ಟು ಬಾ ಎಂದು ವಾಪಸ್ ಕಳಿಸುವಂತಿಲ್ಲ.

ಇನ್ನು ಕಾಂಡೋಮ್. 'ಬಳಸಿ' ಅಂತಷ್ಟೇ ಹೇಳಿದರೆ ಸಾಲದು. ಗೋವಾಕ್ಕೋ ಗೋಕರ್ಣಕ್ಕೋ ಹೊರಡುವ ಮೊದಲೇ ಬ್ಯಾಗಿನಲ್ಲಿ ಇಟ್ಟುಕೊಳ್ಳಬೇಕು. ಕುಡಿದ ಮೇಲೆ ಮೆಡಿಕಲ್ ಸ್ಟೋರ್ ಹುಡುಕಲು ಯಾರೂ ಹೋಗುವುದಿಲ್ಲ. ಪರ್ಸಿನಲ್ಲಿ ತಿಂಗಳುಗಟ್ಟಲೆ ಮಡಚಿಟ್ಟಿದ್ದು ಬೇಡ, ಪೊಟ್ಟಣದ ಮೇಲಿನ ದಿನಾಂಕ ನೋಡಲಿ. ಒಂದರ ಮೇಲೊಂದು ಎರಡು ಹಾಕಿಕೊಳ್ಳುವುದು ಬೇಡ. ನಮ್ಮ ಕಡೆ ಕೈಗೆ ಸುಲಭವಾಗಿ ಸಿಗುವ ಕೊಬ್ಬರಿ ಎಣ್ಣೆಯಂತೂ ಬೇಡವೇ ಬೇಡ, ಎಣ್ಣೆ ತಾಗಿದರೆ ರಬ್ಬರ್ ಬೇಗ ಹರಿಯುತ್ತದೆ. ಕೊಳ್ಳಲು ನಾಚಿಕೆಯಾದರೆ ಸರ್ಕಾರಿ ಆಸ್ಪತ್ರೆಯಲ್ಲಿ ನಿರೋಧ್ ಉಚಿತವಾಗಿ ಸಿಗುತ್ತದೆ. ಹುಡುಗಿಯರ ಹಾಸ್ಟೆಲ್‌ನಲ್ಲೂ ಇದನ್ನೆಲ್ಲ ಇಷ್ಟೇ ಬಿಡಿಸಿ ಹೇಳಿ. ಗರ್ಭನಿರೋಧಕ ಮಾತ್ರೆ ನುಂಗಿದರೆ ಎಚ್‌ಐವಿ ತಡೆಯುವುದಿಲ್ಲ ಎಂಬುದು ಅಲ್ಲಿ ಮುಖ್ಯವಾಗಿ ತಿಳಿಯಬೇಕು.

ಜಾತ್ರೆಯಲ್ಲೋ ಬೀಚ್‌ನಲ್ಲೋ ಹಚ್ಚೆ ಹಾಕಿಸುವವರು ಸೂಜಿಯ ಹೊಸ ಪೊಟ್ಟಣವನ್ನು ತಮ್ಮ ಕಣ್ಣೆದುರೇ ಒಡೆಸಲಿ. ಒಬ್ಬರು ಬಳಸಿದ ಸಿರಿಂಜ್ ಇನ್ನೊಬ್ಬರು ಮುಟ್ಟಬಾರದು. ಸೊಳ್ಳೆ, ಒಂದೇ ತಟ್ಟೆಯ ಊಟ, ಹಾಸ್ಟೆಲ್ ಬಾತ್‌ರೂಮ್, ಇವುಗಳಿಂದ ಬರುವುದಿಲ್ಲ. ಇದನ್ನು ಒಂದು ವಾಕ್ಯದಲ್ಲಿ ಮುಗಿಸಿ.

ರಜೆಯಿಂದ ಬಂದ ಮೇಲೆ ಅನುಮಾನ ಇರುವವರು ಪರೀಕ್ಷೆ ಮಾಡಿಸಲಿ. ಮಾರನೇ ದಿನವೇ ಮಾಡಿಸಿ 'ನೆಗೆಟಿವ್' ಬಂತೆಂದು ನೆಮ್ಮದಿಯಾಗಿ ಇದ್ದುಬಿಡಬಾರದು. ಸೋಂಕು ಪರೀಕ್ಷೆಯಲ್ಲಿ ಕಾಣಲು ಕೆಲವು ವಾರ ಬೇಕು. ಮೂರು ತಿಂಗಳಿಗೆ ಮತ್ತೊಮ್ಮೆ ಮಾಡಿಸಿದರೆ ಖಚಿತವಾಗುತ್ತದೆ. ಊರಿನ ತಾಲೂಕು ಆಸ್ಪತ್ರೆಯಲ್ಲಿ ಪರಿಚಯದವರು ಸಿಗುತ್ತಾರೆ ಎಂಬ ಅಳುಕು ತುಂಬಾ ಜನಕ್ಕೆ ಇರುತ್ತದೆ, ಅದು ಸಹಜ ಅಲ್ವಾ? ಯಾವ ಊರಿನ ಐಸಿಟಿಸಿಗಾದರೂ ಹೋಗಬಹುದು, ಪರೀಕ್ಷೆ ಉಚಿತ. 18 ವರ್ಷ ದಾಟಿದವರಿಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕಿಲ್ಲ. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ಫಲಿತಾಂಶವನ್ನು ಗುಟ್ಟಾಗಿ ಇಡಲೇಬೇಕು. ಪರೀಕ್ಷೆ ಪುಕ್ಕಟೆ ಆಗುತ್ತೆ ಅಂತ ರಕ್ತದಾನ ಶಿಬಿರಕ್ಕೆ ಹೋಗುವ ಹುಡುಗರಿದ್ದಾರೆ. ಅದು ಬೇಡ. ಸೋಂಕು ಇನ್ನೂ ಕಾಣಿಸದ ಆ ಮೊದಲ ದಿನಗಳಲ್ಲಿ ಕೊಟ್ಟ ರಕ್ತ ಯಾವುದೋ ರೋಗಿಯ ಮೈ ಸೇರಬಹುದು.

ನೀವು ಮಾತಾಡುವ ಸಭೆಯಲ್ಲೇ ಎಚ್‌ಐವಿ ಇರುವ ವಿದ್ಯಾರ್ಥಿಯೊಬ್ಬರು ಕೂತಿರಬಹುದು, ಹುಟ್ಟಿನಿಂದಲೇ ಇರುವವರೂ ಆಗಿರಬಹುದು. ಅದನ್ನು ನೆನಪಿಟ್ಟು ಮಾತು ಆರಿಸಿ, ತಲೆಬುರುಡೆ ಚಿತ್ರದ ಪೋಸ್ಟರ್ ಬೇಡ. ದಿನಾ ಮಾತ್ರೆ ನುಂಗಿ, ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೇ ಉಳಿದವರಿಂದ ಲೈಂಗಿಕ ಸಂಪರ್ಕದಲ್ಲಿ ಸೋಂಕು ಹರಡುವುದಿಲ್ಲ ಎಂಬುದನ್ನೂ ಹೇಳಿ. ಅವರಿಗೆ ಉಪಯೋಗವಾಗುವ ಮಾತೊಂದನ್ನು ಯಾರ ಕಡೆಯೂ ನೋಡದೆ ಸೇರಿಸಿಬಿಡಿ: ರಜೆಗೆ ಬೇಕಾದಷ್ಟು ಮಾತ್ರೆ ಎಆರ್‌ಟಿ ಕೇಂದ್ರದಲ್ಲಿ ಮೊದಲೇ ಕೇಳಿ ತೆಗೆದುಕೊಳ್ಳಬೇಕು. ಊರಲ್ಲಿ ಖಾಲಿಯಾದರೆ ಚಿಕಿತ್ಸೆಯ ಪುಸ್ತಕ ಹಿಡಿದು ಹತ್ತಿರದ ಕೇಂದ್ರಕ್ಕೆ ಹೋಗಬೇಕು, ಕಾಲೇಜು ಶುರುವಾಗುವವರೆಗೆ ಮಾತ್ರೆ ನಿಲ್ಲಿಸಬಾರದು.