ಚೀನಿಕಾಯಿ ಹೀಚು ಉದುರುತ್ತಿದೆಯೇ? ಮಕ್ಕಳನ್ನೇ ಬಳ್ಳಿಯ ಬಳಿಗೆ ಕಳಿಸಿ

ಪ್ರಶ್ನೆ: ಜೂನ್ ಮಳೆ ಹಿಡಿದಾಗ ನಾಲ್ಕು ಮತ್ತು ಏಳು ವರ್ಷದ ನಮ್ಮ ಮಕ್ಕಳ ಕೈಯಲ್ಲೇ ಹಿತ್ತಲಿನಲ್ಲಿ ಚೀನಿಕಾಯಿ (ಸಿಹಿಗುಂಬಳ) ಬೀಜ ಹಾಕಿಸಿದ್ದೆವು. ಬಳ್ಳಿ ಬೇಲಿ ದಾಟಿದೆ, ಹೂವಿಗೂ ಬರವಿಲ್ಲ. ಆದರೆ ಹೀಚುಗಳು ಹಳದಿಯಾಗಿ ಉದುರುತ್ತಿವೆ. ಚಿಕ್ಕವಳಂತೂ ದಿನವೂ ಅಳುತ್ತಾಳೆ. ಔಷಧಿ ಹೊಡೆಯಬೇಕೇ?
– ಓದುಗರು, ಶಿವಮೊಗ್ಗ ಜಿಲ್ಲೆ

ಉತ್ತರ: ಔಷಧಿಯ ಮಾತೇ ಬೇಡ, ಹೊಡೆದರೆ ಉಳಿದಿರುವ ನಾಲ್ಕು ಜೇನ್ನೊಣಗಳೂ ಹೋಗುತ್ತವೆ. ನಿಮ್ಮ ಬಳ್ಳಿಗೆ ಬಹುತೇಕ ರೋಗವಿಲ್ಲ, ಪರಾಗ ಸಿಗುತ್ತಿಲ್ಲ ಅಷ್ಟೇ. ಮಲೆನಾಡಿನ ಜಡಿಮಳೆಯಲ್ಲಿ ಜೇನು ಹೊರಗೆ ಬರುವುದಿಲ್ಲ, ಪರಾಗವೂ ನೆನೆದು ಕೆಡುತ್ತದೆ. ಪರಾಗ ಮುಟ್ಟದ ಹೀಚನ್ನು ಬಳ್ಳಿ ತಾನಾಗಿಯೇ ಕಳಚಿಬಿಡುತ್ತದೆ.

ಹಾಗಾಗಿ ಹೆಣ್ಣು ಹೂವಿಗೆ ಕೈಯಿಂದಲೇ ಪರಾಗ ಮುಟ್ಟಿಸಬೇಕು, ಈ ಕೆಲಸವನ್ನು ಮಕ್ಕಳಿಗೇ ವಹಿಸಿ. ಬೀಜ ಹಾಕುವುದು ಎರಡು ನಿಮಿಷದ ಸಂಭ್ರಮ. ಬೆಳಗಿನ ಹೂವಿನ ಕೆಲಸಕ್ಕೆ ಕಣ್ಣು ಬೇಕು, ತಾಳ್ಮೆ ಬೇಕು, ಫಲವೂ ಕೆಲವೇ ದಿನಗಳಲ್ಲಿ ಕಾಣುತ್ತದೆ. ಮೊದಲು ಗಂಡು ಹೂವು ಯಾವುದು, ಹೆಣ್ಣು ಹೂವು ಯಾವುದು ಎಂದು ಅವರೇ ಹುಡುಕಲಿ. ಉದ್ದನೆಯ ತೆಳು ತೊಟ್ಟಿನದು ಗಂಡು. ದಳಗಳ ಕೆಳಗೆ ಗೋಲಿಯಷ್ಟು ಕಾಯಿ ಹೊತ್ತದ್ದು ಹೆಣ್ಣು. ಮೊದಲು ಬಿಡುವ ಹೂಗಳೆಲ್ಲ ಸಾಮಾನ್ಯವಾಗಿ ಗಂಡೇ ಆಗಿರುತ್ತವೆ, ಅದಕ್ಕೆ ಗಾಬರಿ ಬೇಡ. ಹೂವು ನಸುಕಿನಲ್ಲಿ ಅರಳಿ ಬಿಸಿಲೇರುವ ಹೊತ್ತಿಗೆ ಮುದುಡುತ್ತದೆ. ಹಾಗಾಗಿ ಒಂಬತ್ತು ಗಂಟೆಯೊಳಗೆ, ಮಳೆ ಬಿಟ್ಟ ಹೊತ್ತು ನೋಡಿ, ಹೊಸದಾಗಿ ಅರಳಿದ ಗಂಡು ಹೂವನ್ನು ಕಿತ್ತು, ದಳ ಬಿಡಿಸಿ, ಅದರ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವಿನ ಗಂಟಿಗೆ ಮೆಲ್ಲಗೆ ಸವರಬೇಕು. ಮುಟ್ಟಿಸಿದ ಹೂವಿಗೆ ಮಗಳು ಬಣ್ಣದ ದಾರ ಕಟ್ಟಲಿ. ವಾರದೊಳಗೆ ಹೀಚು ಊದಿಕೊಂಡರೆ ನಿಂತಿತೆಂದೇ ಲೆಕ್ಕ. ಎಲೆಯ ಸುಣೆ ಚರ್ಮಕ್ಕೆ ತುರಿಕೆ ತರುತ್ತದೆ, ತುಂಬುತೋಳಿನ ಅಂಗಿ ಹಾಕಿ ಕಳಿಸಿ.

ಯೂರಿಯಾ ಹಾಕುತ್ತಿದ್ದರೆ ನಿಲ್ಲಿಸಿ. ಬರೀ ಎಲೆ ಕೊಬ್ಬುತ್ತದೆ.

ನಿಂತ ಕಾಯಿಗೆ ಹಣ್ಣು ನೊಣ ಚುಚ್ಚದಂತೆ ತೆಳು ಬಟ್ಟೆಯ ಚೀಲ ಕಟ್ಟಿ, ನೆಲಕ್ಕೆ ತಾಗುವಲ್ಲಿ ಒಣಹುಲ್ಲು ಅಥವಾ ಹೆಂಚಿನ ಚೂರು ಇಡಿ. ಕಾಯಿ ಇನ್ನೂ ಎಳೆಯದಿದ್ದಾಗ, ಮಳೆ ಬಿಡುವು ಕೊಟ್ಟ ದಿನ, ಸಿಪ್ಪೆಯ ಮೇಲೆ ಮೊಳೆಯಿಂದ ಮಗುವಿನ ಹೆಸರನ್ನು ತೆಳುವಾಗಿ ಗೀರಿ. ಗಾಯ ಮಾಯುತ್ತ ಉಬ್ಬುತ್ತದೆ, ಕಾಯಿಯೊಂದಿಗೆ ಅಕ್ಷರವೂ ದೊಡ್ಡದಾಗುತ್ತದೆ. ಆಳವಾಗಿ ಗೀರಿದರೆ ಕೊಳೆಯುತ್ತದೆ, ಆದ್ದರಿಂದ ಮೊಳೆ ನಿಮ್ಮ ಕೈಯಲ್ಲಿರಲಿ.

ತೊಟ್ಟು ಒಣಗಿ, ಉಗುರು ಸಿಪ್ಪೆಯೊಳಗೆ ಇಳಿಯದಿದ್ದರೆ ಬಲಿತಿದೆ. ಎರಡು ಅಂಗುಲ ತೊಟ್ಟು ಬಿಟ್ಟು ಕೊಯ್ಯಿರಿ. ಕಡುಬೋ ಗಾರಿಗೆಯೋ ನಿಮ್ಮಿಷ್ಟ. ಹೆಚ್ಚಾದ ಗಂಡು ಹೂವುಗಳನ್ನು ಈಗಲೇ ಕಡಲೆಹಿಟ್ಟಿನಲ್ಲಿ ಅದ್ದಿ ಕರಿಯಬಹುದು. ತಿರುಳು ಕಹಿಯಾಗಿದ್ದರೆ ಮಾತ್ರ ಬೇಯಿಸಲೂ ಹೋಗದೆ ಎಸೆಯಿರಿ, ಆ ಕಹಿ ಹೊಟ್ಟೆ ಕೆಡಿಸುತ್ತದೆ. ಹುರಿದ ಬೀಜವನ್ನು ನಾಲ್ಕು ವರ್ಷದವಳಿಗೆ ಇಡಿಯಾಗಿ ಕೊಡಬೇಡಿ, ಗಂಟಲಿಗೆ ಸಿಕ್ಕೀತು. ಪುಡಿ ಮಾಡಿ ಕೊಡಿ.

ಮುಂದಿನ ಸಲಕ್ಕೆ ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಸೂರ್ಯಮುಖಿ’ ತಳಿ ನೋಡಿ. ಹಣ್ಣು ನೊಣದ ಕಾಟವನ್ನು ಚೆನ್ನಾಗಿ ತಡೆಯುತ್ತದೆ. ಕಾಯಿ ಸುಮಾರು ಒಂದು ಕಿಲೋ ಮಾತ್ರ, ಚಿಕ್ಕವಳೇ ಎತ್ತಿಕೊಂಡು ಅಡುಗೆಮನೆಗೆ ತರಬಹುದು.