ಮೊದಲು ಆ ನೀಲಿ ಪ್ರೀಸೆಟ್ ತೆಗೆಯಿರಿ

ಪುಣೆ ಬಳಿಯ ಚಾಕಣದ ಶೆಡ್ಡಿನಲ್ಲಿ 24 ವೋಲ್ಟಿನಿಂದ 5 ವೋಲ್ಟ್ ಪಡೆಯಲು ಎಲ್‌ಎಂ2596 ಐಸಿಯ ಬಕ್ (ವೋಲ್ಟೇಜ್ ಇಳಿಸುವ) ಮಾಡ್ಯೂಲ್ ಹಾಕಿದ್ದೀರಿ. ಅದರ 5 ವೋಲ್ಟಿನಲ್ಲಿ ನಡೆಯುವ ಎರಡು ಕಂಟ್ರೋಲರ್ ಸುಟ್ಟವು, ಮಾಡ್ಯೂಲ್ ಮಾತ್ರ ಈಗಲೂ ಸರಿಯಾಗಿ 5 ತೋರಿಸುತ್ತಿದೆ, ಏಕೆ ಎಂದು ಕೇಳಿದ್ದೀರಿ. ನಾನು ವಿಜಯಪುರದವನು, ಭೋಸರಿಯಲ್ಲಿ ಪ್ಯಾನೆಲ್ ಕೆಲಸ ಮಾಡುತ್ತೇನೆ. ಇದೇ ಪೆಟ್ಟು ನಾನೂ ತಿಂದಿದ್ದೇನೆ.

ಮಾಡ್ಯೂಲಿನ ಹಿತ್ತಾಳೆ ತಿರುಪಿನ ನೀಲಿ ಪ್ರೀಸೆಟ್, ಅಂದರೆ ತಿರುಗಿಸಿ ಬೆಲೆ ಬದಲಿಸುವ ರೆಸಿಸ್ಟರ್, ಅದರ ಮೇಲೆ ನನಗೆ ಅನುಮಾನ. ಫೀಡ್‌ಬ್ಯಾಕ್ ಪಿನ್ನಿನಲ್ಲಿ 1.23 ವೋಲ್ಟ್ ಬರುವವರೆಗೆ ಐಸಿ ಔಟ್‌ಪುಟ್ ಏರಿಸುತ್ತದೆ. ಆ ಪಿನ್ನಿಗೆ ಔಟ್‌ಪುಟ್ಟಿನ ಸುದ್ದಿ ಮುಟ್ಟಿಸುವುದು ಈ ಪ್ರೀಸೆಟ್. ಒಳಗಿನ ಸಂಪರ್ಕ ಕ್ಷಣಕಾಲ ಬಿಟ್ಟರೂ ಸಾಕು, ವೋಲ್ಟೇಜ್ ಸಾಲದೆಂದು ಐಸಿ ಅದನ್ನು 24ರ ಹತ್ತಿರಕ್ಕೆ ಒಯ್ಯುತ್ತದೆ. ಸಂಪರ್ಕ ಮತ್ತೆ ಕೂಡಿದಾಗ ಮೀಟರಿನಲ್ಲಿ ಪುನಃ 5! ನನ್ನ ಪ್ಯಾನೆಲ್ ಪವರ್ ಪ್ರೆಸ್ಸಿನ ಪಕ್ಕದಲ್ಲಿತ್ತು. ಪ್ರತಿ ಹೊಡೆತಕ್ಕೂ ನೆಲ ನಡುಗುತ್ತಿತ್ತು. ಸ್ಕ್ರೂಡ್ರೈವರಿನ ಹಿಡಿಯಿಂದ ಪ್ರೀಸೆಟ್ಟನ್ನು ಮೆಲ್ಲಗೆ ತಟ್ಟಿದೆ, ಮೀಟರಿನ ಮುಳ್ಳು ಜಿಗಿದು ಕೂತಿತು. ಎರಡು ದಿನ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕಿದ್ದೆ.

ಪ್ರೀಸೆಟ್ ಬಿಚ್ಚಿ ಅಲ್ಲಿಗೆ 1 ಕಿಲೋಓಮಿನ, ಶೇಕಡಾ ಒಂದರ ನಿಖರತೆಯ ರೆಸಿಸ್ಟರ್ ಬೆಸುಗೆ ಹಾಕಿ. ಬೋರ್ಡಿನ ಇನ್ನೊಂದು ರೆಸಿಸ್ಟರ್ 330 ಓಮ್ ಇದ್ದರೆ ಸುಮಾರು 4.96 ವೋಲ್ಟ್ ಸಿಗುತ್ತದೆ. ಬೇರೆ ಬೆಲೆಯದಿದ್ದರೆ ಲೆಕ್ಕ ಬದಲಾಗುತ್ತದೆ, ಅಳೆದು ನೋಡಿ.

ಐಸಿಯೊಳಗಿನ ಸ್ವಿಚ್ಚೇ ಶಾರ್ಟ್ ಆದರೆ ರೆಸಿಸ್ಟರ್ ಕಾಯುವುದಿಲ್ಲ, 24 ನೇರವಾಗಿ ನುಗ್ಗುತ್ತದೆ. ಅದಕ್ಕೆ ಇನ್‌ಪುಟ್ಟಿನಲ್ಲಿ ಫ್ಯೂಸ್, 5 ವೋಲ್ಟಿನ ಕಡೆ ಝೀನರ್ ಮತ್ತು ಎಸ್‌ಸಿಆರ್‌ನ ಕ್ರೋಬಾರ್ ಇಡಿ; ವೋಲ್ಟೇಜ್ ಏರಿದ ಕೂಡಲೇ ಅದು ಲೈನನ್ನು ಶಾರ್ಟ್ ಮಾಡಿ ಫ್ಯೂಸ್ ಹಾರಿಸುತ್ತದೆ. ಫ್ಯೂಸಿಗಾಗಿ ಪುಣೆಯ ಎಲೆಕ್ಟ್ರಾನಿಕ್ಸ್ ಪೇಟೆ ತಾಪ್ಕೀರ್ ಗಲ್ಲಿಗೆ ಹೋದರೆ ಸಾಕು, ಕಂಟ್ರೋಲರಿನ ಬೆಲೆಯ ಮುಂದೆ ಅದು ಚಿಲ್ಲರೆ. ಪಕ್ಕದಲ್ಲಿ ಸೊಲೆನಾಯ್ಡ್ ಇದ್ದರೆ ಅದರ ಕಾಯಿಲಿಗೆ ಡಯೋಡ್, ಮಾಡ್ಯೂಲಿನ ಇನ್‌ಪುಟ್ಟಿಗೆ ವೋಲ್ಟೇಜ್ ಜಿಗಿತ ತಡೆಯುವ ಟಿವಿಎಸ್ ಡಯೋಡ್ ಕೂಡ ಬೇಕು. ಈ ಐಸಿ ನಡೆಯುವುದು 40 ವೋಲ್ಟಿನವರೆಗೆ ಮಾತ್ರ.

ಮಾಡ್ಯೂಲಿನ ಮೇಲೆ 3 ಆಂಪಿಯರ್ ಎಂದು ಬರೆದಿರುವುದನ್ನು ನಂಬಿ ಮುಚ್ಚಿದ ಪೆಟ್ಟಿಗೆಯಲ್ಲಿ ಅಷ್ಟನ್ನೂ ಎಳೆಯಬೇಡಿ. ನಾನು ಒಂದೂವರೆ ದಾಟಿಸುವುದಿಲ್ಲ. ಒಳಗೆ ಬಿಸಿ ಏರಿದರೆ ಮಾಡ್ಯೂಲಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಆಯಸ್ಸು ಪ್ರತಿ 10 ಡಿಗ್ರಿ ಏರಿಕೆಗೆ ಹೆಚ್ಚುಕಡಿಮೆ ಅರ್ಧವಾಗುತ್ತದೆ. 105 ಡಿಗ್ರಿಯಲ್ಲಿ 2000 ಗಂಟೆ ಬಾಳುವುದು 65ರಲ್ಲಿ 32,000 ಗಂಟೆ ಬಾಳೀತು.

ಪ್ರೀಸೆಟ್ ಬಿಚ್ಚುವ ಮುನ್ನ, ಕಂಟ್ರೋಲರಿನ ಜಾಗದಲ್ಲಿ 24 ವೋಲ್ಟಿನ ಚಿಕ್ಕ ಬಲ್ಬ್ ಕಟ್ಟಿ, ಅದನ್ನು ಒಮ್ಮೆ ತಟ್ಟಿ ನೋಡಿ. ಬಲ್ಬ್ ಮಿಂಚಿದರೆ ಇಲ್ಲಿ ತಿಳಿಸಿ.